ಲೋಬಾನ ಹಿಡಿದ ಪೀಪಾಯಿ

ಅಫಜಲಪುರದಿಂದ ಕರಜಗಿಗೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವ ಜಾಗದಲ್ಲಿ, ಒಂದು ಬೇವಿನ ಮರದ ಕೆಳಗೆ ನನ್ನ ದಾದಾ ಪೀರಸಾಬರ ಗಾಲಿ ಅಂಗಡಿ ಇತ್ತು. ತಂದೆಯ ತಂದೆಯನ್ನು ನಮ್ಮ ಮನೆಗಳಲ್ಲಿ ದಾದಾ ಎನ್ನುತ್ತೇವೆ. ಅಂಗಡಿ ಎಂದು ಬರೆದೆನಾದರೂ ಅದಕ್ಕೆ ಗೋಡೆ ಇರಲಿಲ್ಲ. ನಾಲ್ಕು ಕಂಬ, ಮೇಲೆ ತಗಡು, ನೆಲದಲ್ಲಿ ಹೂತ ಒಂದು ದುಂಡು ಬಂಡೆ, ಅಷ್ಟೆ. ಎತ್ತಿನ ಗಾಡಿಯ ಕಟ್ಟಿಗೆ ಗಾಲಿಗಳನ್ನು ಆ ಬಂಡೆಯ ಮೇಲೆ ಮಲಗಿಸಿ ಅವರು ಹಳಿ ಏರಿಸುತ್ತಿದ್ದರು.

ಹಳಿ ಎಂದರೆ ಗಾಲಿಯ ಸುತ್ತ ಕೂರುವ ಕಬ್ಬಿಣದ ಬಳೆ. ಅದನ್ನು ಗಾಲಿಗಿಂತ ತುಸು ಸಣ್ಣದಾಗಿಯೇ ಬೆಸೆಯಬೇಕು. ಕುಳ್ಳಿನ, ಎಂದರೆ ಬೆರಣಿಯ, ಬೆಂಕಿಯಲ್ಲಿ ಕೆಂಪಗೆ ಕಾಯಿಸಿದರೆ ಅದು ಹಿಗ್ಗುತ್ತದೆ. ಹಿಗ್ಗಿದಾಗಲೇ ಗಾಲಿಗೆ ತೊಡಿಸಿ ನೀರು ಸುರಿದರೆ ಕುಗ್ಗಿ, ಕಟ್ಟಿಗೆಯ ಎಲ್ಲ ಕೂಡುಗಳನ್ನು ಒಮ್ಮೆಲೇ ಬಿಗಿಯುತ್ತದೆ. ಸಣ್ಣದು ಹೆಚ್ಚಾದರೆ ನಡುವಿನ ಕಡ್ಡಿಗಳು, ಎಂದರೆ ಅರಗಳು, ಮುರಿಯುತ್ತವೆ, ಕಡಿಮೆಯಾದರೆ ಗಾಲಿ ರಸ್ತೆಯಲ್ಲಿ ಬಿಚ್ಚಿಕೊಳ್ಳುತ್ತದೆ. "ನನ್ನ ಕೈಯಿಂದ ಹೋದ ಗಾಲಿ ತಿರುಗಿ ನನ್ನ ಅಂಗಡಿಗೆ ಬಂದಿಲ್ಲ," ಎಂದು ದಾದಾ ಹೇಳುತ್ತಿದ್ದರು. ಇದು ಬಡಾಯಿಯಲ್ಲ. ಅತನೂರಿನ ರೈತ ಜಗದೇವಪ್ಪ ಗೌಡರನ್ನು ನಾನೇ ಕೇಳಿದ್ದೇನೆ, ಅವರೂ ಹಾಗೆಯೇ ಹೇಳಿದರು.

ಹಳಿ ಕೂತ ಮೇಲೆ ಒಂದು ಕೆಲಸ ಉಳಿಯುತ್ತಿತ್ತು. ದಾದಾ ಮಣ್ಣಿನ ಬಟ್ಟಲಲ್ಲಿ ಕೆಂಡ ತಂದು, ಅದರ ಮೇಲೆ ಲೋಬಾನ ಉದುರಿಸಿ, ಗಾಲಿಯ ಅರ ಅರಕ್ಕೂ ಹೊಗೆ ಹಿಡಿಯುತ್ತಿದ್ದರು. ದರ್ಗಾಗಳಲ್ಲಿ ಹಾಕುತ್ತಾರಲ್ಲ, ಅದೇ ಧೂಪ. ಗಾಡಿ ಲಿಂಗಾಯತರದಿರಲಿ, ಮುಸಲ್ಮಾನರದಿರಲಿ, ಲೋಬಾನ ಕಾಣದೆ ಗಾಲಿ ಅಂಗಡಿ ದಾಟುತ್ತಿರಲಿಲ್ಲ. ರೈತರೂ ಅದಕ್ಕಾಗಿ ಕಾಯುತ್ತಿದ್ದರು. "ಮಿಸ್ತ್ರಿ, ಗಡಿಬಿಡಿದಾಗ ಹೊಗಿ ಮರತೀಯಪ್ಪಾ," ಎಂದು ಜಗದೇವಪ್ಪ ಗೌಡರು ನೆನಪು ಮಾಡುತ್ತಿದ್ದರಂತೆ.

ಈಗ ಬರೆಯುವ ಸಂಗತಿ ನಡೆದದ್ದು ೧೯೮೬ರ ದೀಪಾವಳಿಯ ಸುಮಾರಿಗೆ. ಆಗ ನಾನು ತೀರ ಸಣ್ಣ ಮಗು. ಆದ್ದರಿಂದ ದಾದಾ, ದಾದಿ ಮೆಹರಾಜಬೇಗಂ, ಲಾರಿಯ ದತ್ತಪ್ಪ ಕಾಕಾ, ಮೂವರನ್ನೂ ಬೇರೆ ಬೇರೆಯಾಗಿ ಕೇಳಿ ಬರೆದಿದ್ದೇನೆ. ಅವರ ಮಾತು ಒಂದಕ್ಕೊಂದು ಕೂಡದ ಕಡೆ ದಾದಾ ಹೇಳಿದ್ದನ್ನು ಇಟ್ಟುಕೊಂಡಿದ್ದೇನೆ.

ಆ ಹೊತ್ತಿಗೆ ರಬ್ಬರ್ ಟಾಯರಿನ ಗಾಡಿಗಳು ಬಂದಿದ್ದವು. ಕರಜಗಿ ಕಡೆಯ ಕಬ್ಬಿನವರು ಮೊದಲು ತಂದರು, ಆಮೇಲೆ ಎಲ್ಲರೂ. ಆ ವರ್ಷ ದಾದಾ ಹಳೆಯ ಗಾಲಿಗಳ ಅರ ಬದಲಿಸಿದ್ದು ಬಿಟ್ಟರೆ ಹೊಸ ಗಾಲಿ ಒಂದನ್ನೂ ಮಾಡಿರಲಿಲ್ಲ. ಊಟಕ್ಕೆ ಕೊರತೆ ಇರಲಿಲ್ಲ, ಅಪ್ಪನ ಕೆಲಸ ನಡೆಯುತ್ತಿತ್ತು. ಆದರೆ ಸುಮ್ಮನೆ ಕೂತ ಕೈ ಕೆಲಸ ಮರೆಯುತ್ತದೆ ಎಂಬ ಹೆದರಿಕೆ ದಾದಾಗೆ ಹತ್ತಿತ್ತು. ದಿನಾ ಬೆಳಿಗ್ಗೆ ಅಂಗಡಿಗೆ ಹೋಗಿ ಉಳಿ, ಬಾಚಿಗಳನ್ನು ಮಸೆದು ಇಟ್ಟು ಬರುತ್ತಿದ್ದರು.

ಅಂಥ ಒಂದು ದಿನ ಹವಳಗಾದ ದತ್ತಪ್ಪ ಕಾಕಾ ಸೋಲಾಪುರದಿಂದ ಬಂದ ಲಾರಿಯನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ ಮೂರು ಪೀಪಾಯಿ ಇಳಿಸಿದರು. ನಡು ಉಬ್ಬಿದ, ತುದಿ ಸಣ್ಣಗಾದ, ಕಬ್ಬಿಣದ ಬಳೆ ತೊಟ್ಟ ಕಟ್ಟಿಗೆಯ ಪೀಪಾಯಿಗಳು.

"ಏನಲೇ ದತ್ತಪ್ಪ, ಇಷ್ಟು ದೊಡ್ಡ ಢೋಲಕ್ ಯಾರ್ ಬಾರಿಸ್ತಾರ?" ಎಂದರು ದಾದಾ.

"ಢೋಲಕ್ ಅಲ್ರಿ ಕಾಕಾ, ಪೀಪಾಯಿ. ಫ್ರಾನ್ಸಿಂದ ಹಡಗಿನ್ಯಾಗ ಬಂದಾವ. ಹೊಸಾವು. ಮುಂಬೈ ಬಂದರದಾಗ ಬಿಸಲಿಗೆ ಬಿದ್ದು ಬಾಯಿ ಬಿಟ್ಟಾವ, ನೀರು ಹಾಕಿದ್ರ ಜರಡಿ ಆಗತಾವ. ಪುಣೆ ಆಚಿ ಘಾಟಿನ ಮ್ಯಾಲ ನಿಂಬಾಳಕರ ಸಾಹೇಬ್ರು ದ್ರಾಕ್ಷಿ ತೋಟ ಮಾಡ್ಯಾರ, ಅವರವು. ಅಲ್ಲಿ ಬಡಗ್ಯಾರು ನೋಡಿ ಕೈ ಎತ್ತಿದ್ರು. ನಾ ಅಂದೆ, ನಮ್ಮ ಕಡಿ ಹಳಿ ಏರಸೋ ಮಿಸ್ತ್ರಿ ಒಬ್ಬರದಾರ, ಅವರ ಕೈಯಾಗ ಕೊಟ್ಟು ನೋಡ್ರಿ ಅಂತ."

ದಾದಾ ಒಂದು ಪೀಪಾಯಿಯ ಸುತ್ತ ನಡೆದರು. ಬಳೆಗಳನ್ನು ಬೆರಳಿನಿಂದ ಅಲುಗಿಸಿ ನೋಡಿದರು.

"ಇದರಾಗ ಏನ್ ತುಂಬತಾರ?"

ದತ್ತಪ್ಪ ಕಾಕಾ ತಲೆ ಕೆರೆದುಕೊಂಡರು. "ದ್ರಾಕ್ಷಿ ರಸ."

"ಬರೇ ರಸಾ?"

"ರಸಾನ ರಿ... ಸ್ವಲ್ಪ ದಿನ ಇಟ್ಟ ರಸ."

ಎದುರಿನ ಚಹಾದ ಹೋಟೆಲಿನ ಮಲಂಗಸಾಬ ಅಲ್ಲಿಂದಲೇ ಕೂಗಿದ: "ಸ್ವಲ್ಪ ದಿನ ಇಟ್ಟ ರಸ! ಏ ಪೀರಸಾಬ, ಸಿಂದಿ ಮಾರಾವನೂ ಹಿಂಗ ಅಂತಾನ ನೋಡೋ!"

ಹೋಟೆಲಿನಲ್ಲಿ ಕೂತವರೆಲ್ಲ ನಕ್ಕರು. ದಾದಾ ನಗಲಿಲ್ಲ, ಬೇಡವೆಂದೂ ಹೇಳಲಿಲ್ಲ. ದತ್ತಪ್ಪ ಕಾಕಾ ದಾದಾರ ಹೆಸರು ಹೇಳಿ ದೂರದೂರಿನಲ್ಲಿ ಮಾತು ಕೊಟ್ಟು ಬಂದಿದ್ದಾರೆ ಎಂಬುದು ಅವರ ಮನಸ್ಸಿಗೆ ತಾಗಿತ್ತು. ಈ ಮೂರು ಸರಿಹೋದರೆ ಉಳಿದ ಪೀಪಾಯಿಗಳೂ ಇಲ್ಲಿಗೇ ಬರುತ್ತವೆ ಎಂದು ನಿಂಬಾಳಕರ ಸಾಹೇಬರು ಹೇಳಿದ್ದರಂತೆ.

ಮನೆಗೆ ಸುದ್ದಿ ದಾದಾಗಿಂತ ಮೊದಲೇ ಮುಟ್ಟಿತ್ತು. ದಾದಿ ರೊಟ್ಟಿ ಬಡಿಯುತ್ತಲೇ ಕೇಳಿದರು: "ಐದು ಹೊತ್ತು ನಮಾಜಿಗೆ ಎತ್ತೋ ಕೈ ಅವು. ಆ ಕೈಲೆ ಶರಾಬಿನ ಭಾಂಡೆ ಮುಟ್ಟತೀರೇನ್ರಿ?"

"ಭಾಂಡೆ ಇನ್ನೂ ಕೋರಾ ಅದ, ಬೇಗಂ. ಒಳಗ ಹನಿ ಬಿದ್ದಿಲ್ಲ. ಇವತ್ತಿಗೆ ಅದು ಬರೇ ಲಕಡಿ, ಲೋಖಂಡ. ಕಟ್ಟಿಗಿ, ಕಬ್ಬಿಣ."

"ನಾಳೆ?"

ದಾದಾ ಹೇಳಿದರಂತೆ: "ಲಕಡಿ ನಂದು. ಒಳಗಿಂದು ನಂದಲ್ಲ. ಹನಿ ನನ್ನ ನಾಲಿಗಿಗೆ ತಾಗಿದ್ರ ನೀ ಕೇಳು."

ಇದರಲ್ಲಿ ತಪ್ಪಿದೆಯೋ ಇಲ್ಲವೋ ಎಂದು ತೀರ್ಪು ಹೇಳುವಷ್ಟು ನಾನು ತಿಳಿದವನಲ್ಲ. ದಾದಾ ತಮ್ಮ ಮಟ್ಟಿಗೆ ಒಂದು ಗೆರೆ ಎಳೆದುಕೊಂಡರು, ಅದನ್ನು ದಾಟಲಿಲ್ಲ ಎಂಬುದಷ್ಟೇ ನನಗೆ ಗೊತ್ತು. ದಾದಿಯೂ ಒಂದು ಶರತ್ತು ಹಾಕಿದರು. ಪೀಪಾಯಿ ಅಂಗಡಿಯಿಂದ ಈಚೆ, ಮನೆಯ ಅಂಗಳಕ್ಕೆ ಬರಕೂಡದು.

ಮೂರರಲ್ಲಿ ಎರಡು ಪೀಪಾಯಿ ಬೇಗ ಸರಿಹೋದವು. ಒಣಗಿ ಸೊರಗಿದ ಹಲಗೆಗಳಿಗೆ ದಾದಾ ದಿನಾ ನೀರುಣಿಸಿದರು, ಹಲಗೆ ಉಬ್ಬಿದಂತೆ ಬಳೆಗಳನ್ನು ಸುತ್ತಿಗೆಯಿಂದ ಕೆಳಗೆ ಕೆಳಗೆ ಬಡಿದು ಬಿಗಿ ಮಾಡಿದರು. ಗಾಲಿಯಂತೆಯೇ ಇದೂ ಕಬ್ಬಿಣ ಬಿಗಿಯುವುದು, ಕಟ್ಟಿಗೆ ಎದುರು ಒತ್ತುವುದು. ಎರಡರ ಜಗಳ ಸಮ ಇದ್ದರೆ ಮಾತ್ರ ಕೆಲಸ ನಿಲ್ಲುತ್ತದೆ.

ಮೂರನೆಯದರ ಒಂದು ಹಲಗೆ ಸೀಳಿತ್ತು. ಅದನ್ನು ಬಿಚ್ಚಲೇಬೇಕಾಯಿತು. ದತ್ತಪ್ಪ ಕಾಕಾ ತಂದಿದ್ದ ಬಿಡಿ ಹಲಗೆಯನ್ನು ಕೆತ್ತಿ ಕೂಡಿಸಿ, ಮುಚ್ಚಳ ಕೂರುವ ಕಡೆ ಭೀಮಾ ನದಿಯ ದಂಡೆಯಿಂದ ಕೊಯ್ದು ತಂದ ಜೊಂಡಿನ ಒಣಗರಿ ಇಟ್ಟರು. ಗರಿ ನೀರು ಕುಡಿದರೆ ಉಬ್ಬಿ ಸಂದು ಮುಚ್ಚುತ್ತದೆ. ಮುಚ್ಚಳ ಹಾಕುವ ಹೊತ್ತಿಗೆ ಗುರುವಾರದ ಮಧ್ಯಾಹ್ನ. ಗಾಡಿಯ ಕೀಲಿಗೆಂದು ಬಂದಿದ್ದ ಜಗದೇವಪ್ಪ ಗೌಡರು ನೋಡುತ್ತಿದ್ದಂತೆ, ದಾದಾ ಕೆಂಡದ ಬಟ್ಟಲು ತಂದು ಲೋಬಾನ ಉದುರಿಸಿ, ಬಾಯಿ ತೆರೆದ ಪೀಪಾಯಿಯ ಒಳಗೆ ಇಟ್ಟರು.

"ಇದಕ್ಕೂ ಹೊಗಿ ಹಾಕತೀಯೇನೋ ಮಿಸ್ತ್ರಿ?"

"ಪರದೇಶದ್ದಾದ್ರೇನ್ರಿ ಗೌಡ್ರ, ನನ್ನ ಅಂಗಡಿಯಿಂದ ಹೋಗೂದು. ಹಂಗೇ ಕಳಸಬಾರದು."

ಹೊಗೆ ಪೀಪಾಯಿ ತುಂಬಿ ಮೇಲೆ ಉಕ್ಕಿತು. ಅದು ತಿಳಿಯಾದ ಮೇಲೆ ಬಟ್ಟಲು ತೆಗೆದು ಮುಚ್ಚಳ ಬಡಿದರು. ಉಳಿದೆರಡರ ಬಾಯಿ ತೆರೆದಿರಲಿಲ್ಲ, ಅವಕ್ಕೆ ಹೊರಗಿನಿಂದಲೇ ಹೊಗೆ ಹಿಡಿದರು. ನೀರು ತುಂಬಿಸಿ ನೆಲಕ್ಕೆ ಒಣ ಬೂದಿ ಹರಡಿ ನೋಡಿದರೆ, ಮೂರರ ಕೆಳಗೂ ಬೂದಿ ಒಣಗಿಯೇ ಇತ್ತು. ಲಾರಿ ಬಂದು ಪೀಪಾಯಿಗಳನ್ನು ಒಯ್ದಿತು. ಆ ಚಳಿಗಾಲವೆಲ್ಲ ದಾದಾ ಹೋಟೆಲಿನಲ್ಲಿ ಮಲಂಗಸಾಬನ ಮಾತಿಗೆ ನಗುತ್ತಲೇ ಚಹಾ ಕುಡಿದರು.

ಮರುವರ್ಷದ ಮಳೆ ಶುರುವಾದಾಗ ದತ್ತಪ್ಪ ಕಾಕಾ ಬಂದರು. ಲಾರಿಯಿಂದ ಇಳಿದವರು ಅಂಗಡಿಯ ಕಂಬ ಹಿಡಿದು ನಿಂತರು.

"ಕಾಕಾ, ಒಂದು ಪೀಪಾಯಿ ಕೆಟ್ಟದಂತ್ರಿ."

"ಸೋರಾಕತ್ತದೇನು?"

"ಇಲ್ರಿ, ಹನಿ ಸೋರಿಲ್ಲ."

"ಮತ್ತ ಏನಾಗ್ಯದ?"

"ನನಗ ತಿಳೀಲಿಲ್ಲ. ಸಾಹೇಬ್ರು ನಿಮಗ ಕರಕೊಂಡು ಬಾ ಅಂದಾರ. ಸಿಟ್ಟಿಲೆ ಏನ್ ಅನ್ನಲಿಲ್ಲ ಮತ್ತ."

ದಾದಾ ಅಂಗಡಿಯ ಸಾಮಾನನ್ನು ಗೋಣಿಯಲ್ಲಿ ಕಟ್ಟಿಕೊಂಡು ಅದೇ ಲಾರಿ ಹತ್ತಿದರು. ತಮ್ಮ ಕೈಯಿಂದ ಹೋದ ಕೆಲಸವೊಂದು ಮೊದಲ ಸಲ ತಿರುಗಿ ಕರೆದಿತ್ತು. ಇದು ಸರಿಹೋಗದಿದ್ದರೆ ಅಂಗಡಿಯ ತಗಡು ಇಳಿಸಿಬಿಡುವುದೆಂದು ದಾರಿಯಲ್ಲಿ ನಿಶ್ಚಯ ಮಾಡಿದ್ದರಂತೆ. ಇದನ್ನು ಅವರು ದಾದಿಗೂ ಹೇಳಿರಲಿಲ್ಲ, ದತ್ತಪ್ಪ ಕಾಕಾಗೆ ಹೇಳಿದ್ದರು.

ಘಾಟಿನ ಮೇಲೆ ಮಂಜು. ನಮ್ಮಲ್ಲಿ ಪುಷ್ಯಮಾಸದ ಬೆಳಗಿನಲ್ಲೂ ಇರದ ಥಂಡಿ ಅಲ್ಲಿ ಮಧ್ಯಾಹ್ನಕ್ಕೇ ಇತ್ತು. ನಿಂಬಾಳಕರ ಸಾಹೇಬರು ಸೋಲಾಪುರದವರು, ಫ್ರಾನ್ಸಿನಲ್ಲಿ ವೈನ್ ಮಾಡುವ ವಿದ್ಯೆ ಕಲಿತು ಬಂದವರು. ಕನ್ನಡ ನಮ್ಮ ಹಾಗೆಯೇ ಆಡುತ್ತಿದ್ದರು. ದಾದಾಗೆ ಚಹಾ ಕುಡಿಸಿ, ಪೀಪಾಯಿಗಳಿದ್ದ ಕಲ್ಲಿನ ಕೋಣೆಗೆ ಕರೆದೊಯ್ದು, ಮೇಜಿನ ಮೇಲೆ ಮೂರು ಗಾಜಿನ ಲೋಟ ಇಟ್ಟರು. ಮೂರರಲ್ಲೂ ಒಣಹುಲ್ಲಿನ ಬಣ್ಣದ ವೈನ್.

"ನಾ ಕುಡಿಯೂದಿಲ್ರಿ ಸಾಹೇಬ್ರ."

"ಕುಡೀಬ್ಯಾಡ್ರಿ ಮಿಸ್ತ್ರಿ. ಮೂಗಿಗೆ ಹಿಡೀರಿ ಸಾಕು. ನಮ್ಮ ಕೆಲಸದಾಗ ಅರ್ಧ ಮೂಗಿಂದೇ."

ಮೊದಲನೆಯ ಲೋಟದ್ದು ಉಕ್ಕಿನ ಟಾಕಿಯಲ್ಲಿಟ್ಟ ವೈನ್. ಅದರ ವಾಸನೆಯನ್ನು ದಾದಾ ನನಗೆ ಹೇಳಿದ್ದು ಹೀಗೆ: ಇನ್ನೂ ಹಸಿರಿರುವ ಬಾರಿಕಾಯಿಯನ್ನು, ಅಂದರೆ ಎಲಚಿಯನ್ನು, ಹಲ್ಲಿನಿಂದ ಕಚ್ಚಿದಾಗ ಬರುವ ವಾಸನೆ, ಅದರ ಹಿಂದೆ ನಿಂಬೆಯ ಸಿಪ್ಪೆ, ಅದರ ಹಿಂದೆ ಮೊದಲ ಮಳೆಗೆ ತೊಯ್ದ ಹಾಸುಗಲ್ಲು. ಎರಡನೆಯ ಲೋಟದ್ದು ದಾದಾ ಸರಿಮಾಡಿದ ಮೊದಲೆರಡು ಪೀಪಾಯಿಗಳಲ್ಲಿ ಒಂದರದು. ಅದರಲ್ಲೂ ಬಾರಿಕಾಯಿ ಇತ್ತು, ಆದರೆ ಮೆತ್ತಗೆ. ಅದರ ಮೇಲೆ ಬೆಣ್ಣೆ ಕಾಯಿಸುವಾಗಿನ ಘಮ, ಹೆಂಚಿನ ಮೇಲೆ ತುಸು ಕರಿದಾದ ರೊಟ್ಟಿಯ ಅಂಚು, ಹಸಿ ಕೊಬ್ಬರಿ.

"ಎರಡೂ ಒಂದೇ ದ್ರಾಕ್ಷಿ," ಎಂದರು ನಿಂಬಾಳಕರರು. "ಶಾರ್ಡೊನೆ ಅಂತಾರ. ಇದನ್ನ ಮೊದಲ ಸೋಲಾಪುರ ಕಡಿ ನಮ್ಮ ಹೊಲದಾಗ ಹಚ್ಚಿದ್ದೆ. ಬಿಸಲಿಗೆ ಹಣ್ಣು ಲಗೂ ಮಾಗಿ ಸಕ್ಕರಿ ತುಂಬಿಕೊಂಡು ಕೂತವು, ಹುಳಿ ಸತ್ತು ಹೋತು. ವೈನ್ ಮಾಡಿದ್ರ ಅನಾನಸಿನ ಶರಬತ್ತು ಆದಂಗಾತು, ದಪ್ಪ, ಭಾರ. ಇಲ್ಲಿ ರಾತ್ರಿ ಥಂಡಿ ಬೀಳತದ ನೋಡ್ರಿ, ಆ ಥಂಡಿ ಹುಳಿ ಕಾಯತದ. ಹಣ್ಣು ಸಾವಕಾಶ ಮಾಗತದ. ಅದಕ್ಕ ವೈನ್ ತೆಳ್ಳಗ, ಚುರುಕಾಗಿ ನಿಲ್ಲತದ. ಟಾಕಿಯಾಗ ಇಟ್ರ ಆ ಚುರುಕು ಹಂಗೇ ಉಳೀತದ. ಪೀಪಾಯಿದಾಗ ಇಟ್ಟು ಹುಳಿ ಮೆತ್ತಗ ಆಗಾಕ ಬಿಟ್ರ ಬೆಣ್ಣಿ ವಾಸನಿ ಬರತದ. ಎರಡೂ ಬೇಕು ನನಗ."

"ಹಂಗಾದ್ರ ದ್ರಾಕ್ಷಿದು ಅಂತ ಖಾಸಾ ವಾಸನಿ ಯಾವುದ್ರಿ?"

"ಛಲೋ ಕೇಳಿದ್ರಿ. ಇದರದು ಅಂತ ಜೋರು ವಾಸನಿ ಇಲ್ಲ. ಬ್ಯಾರೆ ದ್ರಾಕ್ಷಿ ಹೂವಿನಂಗ, ಮಸಾಲಿನಂಗ ತಮ್ಮ ಗುರುತು ತಾವೇ ಹೇಳತಾವ. ಇದು ಸಂಭಾವಿತ. ಯಾವ ಮಣ್ಣಿನ್ಯಾಗ ಬೆಳದೆ, ಯಾವ ಹವಾದಾಗ ಮಾಗಿದೆ, ಯಾರ ಮನಿಯಾಗ ಇದ್ದೆ, ಅದನ್ನಷ್ಟೇ ಹೇಳತದ. ಈಗ ಮೂರನೇದ್ದು ಹಿಡೀರಿ."

ದಾದಾ ಮೂರನೆಯ ಲೋಟ ಎತ್ತಿದರು. ಬಾರಿಕಾಯಿ ಇರಲಿಲ್ಲ, ಬೆಣ್ಣೆ ಇರಲಿಲ್ಲ. ಗುರುವಾರ ಮಧ್ಯಾಹ್ನದ ತಮ್ಮ ಅಂಗಡಿಯ ನಡುವೆ ನಿಂತಂತಾಯಿತಂತೆ. ಲೋಟ ಕೆಳಗಿಟ್ಟು ಅವರು ಹೇಳಿದರು: "ಇದು ನಂದ್ರಿ."

"ಏನಿದು?"

"ಲೋಬಾನ. ಮುಚ್ಚಳ ಹಾಕೂ ಮೊದಲ ಒಳಗ ಹೊಗಿ ಹಿಡಿದೀನಿ. ಗಾಲಿಗೆ ಹಿಡಿಯೂ ರೂಢಿ. ಗಾಲಿ ಏನ್ ತುಂಬಿಟ್ಟುಕೊಳ್ಳೂದಿಲ್ಲ, ಇದು ತುಂಬಿಟ್ಟುಕೊಳ್ಳತದ ಅಂತ ನನಗ ಹೊಳೀಲಿಲ್ಲ."

ನಿಂಬಾಳಕರರು ತಲೆಯ ಮೇಲೆ ಕೈಯಿಟ್ಟು ಕೂತರು. ಆಮೇಲೆ ನಗತೊಡಗಿದರು. "ತುಂಬೂ ಮೊದಲ ನಾನೂ ಮೂಸಿ ನೋಡಿದ್ದೆ. ಪೀಪಾಯಿ ಶುದ್ಧ ಆಗಲಿ ಅಂತ ಒಳಗ ಗಂಧಕ ಸುಟ್ಟಿದ್ದೆ, ಆ ಘಾಟಿನ್ಯಾಗ ನನಗೂ ಹತ್ತಲಿಲ್ಲ. ಫ್ರಾನ್ಸಿಂದ ಬಂದಿದ್ದ ನನ್ನ ಗೆಳೆಯ ಇದನ್ನ ಮೂಸಿ, ನಮ್ಮೂರ ಚರ್ಚಿನ ವಾಸನಿ ಬರತದಲ್ಲೋ ಅಂದ. ಹುಚ್ಚ ಅದಾನ ಅಂದುಕೊಂಡೆ. ಹೋಗಲಿ ಬಿಡ್ರಿ ಮಿಸ್ತ್ರಿ, ಒಂದು ಪೀಪಾಯಿ ಹೋತು. ಅರ್ಧಕ್ಕ ಕೊಯ್ದು ಬಾಗಿಲ ಮುಂದ ಹೂವಿನ ಕುಂಡ ಮಾಡತೇನಿ."

ಸಾಹೇಬರು ಸಮಾಧಾನ ಮಾಡಲು ಆಡಿದ ಮಾತು ಅದು. ಆದರೆ ದಾದಾಗೆ ಬೈಗುಳಕ್ಕಿಂತ ಹೆಚ್ಚು ನೋವಾಗಿದ್ದು ಅದರಿಂದಲೇ.

"ನನ್ನ ಕೈಯಿಂದ ಹೋದದ್ದು ಕುಂಡ ಆಗಬಾರದ್ರಿ. ಬಿಚ್ಚಾಕ ಕೊಡ್ರಿ. ಒಳಗಿಂದು ಸುಲೀತೇನಿ."

"ಸುಲದ್ರ ಹಲಗಿ ತೆಳ್ಳಗಾಗತಾವ. ಮತ್ತ ಕೂಡತಾವೇನು?"

"ಕೂಡಸ್ತೇನಿ."

"ಹೊಗಿ ಎಷ್ಟು ಆಳಕ್ಕ ಇಳದದೋ?"

"ಅದು ಕಟ್ಟಿಗೀನ ಹೇಳತದ್ರಿ."

ಕೆಟ್ಟ ವೈನನ್ನು ಸಾರಾಯಿ ಭಟ್ಟಿಯವರು ಬಂದು ಒಯ್ದರು. ದಾದಾ ಪೀಪಾಯಿಯ ಬಳೆಗಳನ್ನು ಒಂದೊಂದಾಗಿ ಕಳಚಿ ಹಲಗೆಗಳನ್ನು ಗೋಡೆಗೆ ಒರಗಿಸಿದರು. ಕೂಡಿದ ಕ್ರಮ ತಪ್ಪದಂತೆ ಪ್ರತಿ ಹಲಗೆಯ ಹೊರಮೈಗೆ ಇದ್ದಿಲಿನಿಂದ ಗೆರೆ ಹಾಕಿದರು. ಒಳಮೈ ಕೆತ್ತಲು ಅವರ ನೇರ ಬಾಚಿ ಬರುತ್ತಿರಲಿಲ್ಲ. ಅಲ್ಲಿನ ಕಮ್ಮಾರನ ಕುಲುಮೆಯಲ್ಲಿ ತಾವೇ ಕೂತು ಬಾಚಿಯ ಬಾಯನ್ನು ಬಾಗಿಸಿಕೊಂಡರು. ಆಮೇಲೆ ಕೆತ್ತನೆ. ಒಂದು ಪದರ ತೆಗೆಯುವುದು, ಆ ಚಕ್ಕೆಯನ್ನು ಅಂಗೈಯಲ್ಲಿ ಬೆಚ್ಚಗೆ ಉಜ್ಜಿ ಮೂಗಿಗೆ ಹಿಡಿಯುವುದು. ಲೋಬಾನ ಬಂದರೆ ಇನ್ನೊಂದು ಪದರ. ಒಂದು ಹಲಗೆಯಲ್ಲಿ ಹೊಗೆ ಮೇಲೆಮೇಲೆ ಇದ್ದರೆ ಪಕ್ಕದ್ದರಲ್ಲಿ ಎಳೆ ಹಿಡಿದು ಆಳಕ್ಕಿಳಿದಿತ್ತು. ತಮ್ಮ ಮೂಗೇ ಸೋತಂತೆ ಅನಿಸಿದಾಗ ಹೊರಗೆ ಹೋಗಿ ದ್ರಾಕ್ಷಿ ಬಳ್ಳಿಗಳ ನಡುವೆ ಮಂಜಿನಲ್ಲಿ ನಿಂತು ಬರುತ್ತಿದ್ದರಂತೆ.

ತೆಳುವಾದ ಹಲಗೆಗಳು ಮೊದಲಿನ ಹಾಗೆ ಕೂಡಲಿಲ್ಲ. ಮುಚ್ಚಳ ಕೂರುವ ಕಚ್ಚು ಕೆತ್ತನೆಯಲ್ಲಿ ಸವೆದು ಹೋಗಿತ್ತು, ಅದನ್ನು ಹೊಸದಾಗಿ ಕೊರೆದರು. ಹಲಗೆಗಳ ಅಂಚನ್ನು ಒಂದಿಷ್ಟು ಹೆರೆದು ಹೊಂದಿಸಿದರು. ಅದರಿಂದ ಪೀಪಾಯಿಯ ಸುತ್ತಳತೆ ಕಡಿಮೆಯಾಯಿತು, ಬಳೆಗಳು ದೊಡ್ಡವಾದವು. ಇಲ್ಲಿ ಹಳಿಯ ವಿದ್ಯೆ ಕೆಲಸಕ್ಕೆ ಬಂತು. ಬಳೆಗಳನ್ನು ಕತ್ತರಿಸಿ, ತುಸು ಸಣ್ಣದಾಗಿ ಮತ್ತೆ ಕೂಡಿಸಿ, ಹದವಾಗಿ ಕಾಯಿಸಿ ತೊಡಿಸಿದರು.

ಒಳಗೆ ಮತ್ತೆ ಬೆಂಕಿ ತೋರಿಸಬೇಕೆಂದು ನಿಂಬಾಳಕರರು ಹೇಳಿದರು. ಬರಿಯ ಹಸಿ ಕಟ್ಟಿಗೆಯಲ್ಲಿ ವೈನ್ ಒಗರಾಗುತ್ತದಂತೆ, ಒಳಮೈ ಹದವಾಗಿ ಸುಟ್ಟರೆ ರೊಟ್ಟಿಯ ಘಮ ಕೊಡುತ್ತದಂತೆ. ಈ ಹದ ದಾದಾಗೆ ಗೊತ್ತಿರಲಿಲ್ಲ. ಅದೇ ಪೀಪಾಯಿಯಿಂದ ಕೆತ್ತಿದ ಚಕ್ಕೆಗಳಲ್ಲಿ ಲೋಬಾನ ಹತ್ತದ ಚೂರುಗಳನ್ನು ಆರಿಸಿ ಬೆಂಕಿ ಮಾಡಿದರು. ಸಾಹೇಬರು ಪೀಪಾಯಿಯ ಬಾಯಿಗೆ ಮುಖ ಒಡ್ಡಿ ನಿಂತು, "ಇನ್ನಷ್ಟು, ಇನ್ನಷ್ಟು," ಎನ್ನುತ್ತಿದ್ದವರು ಒಮ್ಮೆಲೇ "ಸಾಕು!" ಎಂದು ಕೂಗಿದರು. ದಾದಾ ಬೆಂಕಿಯನ್ನು ಎಳೆದುಹಾಕಿದರು. ಒಬ್ಬರು ಕಬ್ಬಿಣ ಬಲ್ಲವರು, ಇನ್ನೊಬ್ಬರು ಸುಡುವುದನ್ನು ಬಲ್ಲವರು. ಇಬ್ಬರ ಮೀಸೆಯೂ ಆ ದಿನ ಮಸಿ ಹಿಡಿದಿತ್ತು ಎಂದು ದತ್ತಪ್ಪ ಕಾಕಾ ಈಗಲೂ ನಗುತ್ತಾರೆ.

ಮುಚ್ಚಳ ಹಾಕುವಾಗ ದಾದಾ ಸ್ವಲ್ಪ ಹೊತ್ತು ನಿಂತರಂತೆ. ಕೈ ತಾನಾಗಿಯೇ ಲೋಬಾನದ ಡಬ್ಬಿ ಹುಡುಕುತ್ತಿತ್ತು. ಡಬ್ಬಿಯನ್ನು ಅವರು ಬೇಕೆಂದೇ ಗೋಣಿಯಲ್ಲಿ ಕಟ್ಟಿ ಹೊರಗೆ ಇಟ್ಟು ಬಂದಿದ್ದರು. ಬಿಸ್ಮಿಲ್ಲಾ ಎಂದು ಹೇಳಿ ಮುಚ್ಚಳ ಬಡಿದರು.

ಊರಿಗೆ ಬಂದಾಗ ಮಲಂಗಸಾಬ ಹೋಟೆಲಿನ ಕಟ್ಟೆಯ ಮೇಲೆಯೇ ಹಿಡಿದ. "ಶರಾಬಿಗೆ ಲೋಬಾನ ಹಾಕಿ ಬಂದೀಯಂತಲ್ಲೋ, ಖರೇ ಏನು?"

"ಖರೇ. ನಂದೇ ತಪ್ಪು. ಸುಲದು ಇಟ್ಟು ಬಂದೀನಿ."

ತಪ್ಪನ್ನು ಇಷ್ಟು ಸರಾಗವಾಗಿ ಒಪ್ಪಿಕೊಂಡ ಮೇಲೆ ಕೆಣಕಲು ಏನೂ ಉಳಿಯಲಿಲ್ಲ. ಮಲಂಗಸಾಬ ಚಹಾ ತಂದು ಕೊಟ್ಟ.

ಮನೆಯಲ್ಲಿ ದಾದಿ ಕೇಳಿದ್ದು ಒಂದೇ ಮಾತು. "ಹನಿ ತಾಗಿಲ್ಲಲ್ಲ?"

"ನಾಲಿಗಿಗೆ ತಾಗಿಲ್ಲ. ಮೂಗಿಗೆ ತಾಗ್ಯದ."

"ಮೂಗಿಗೆ ರೋಜಾದ ಉಪವಾಸ ಇರೂದಿಲ್ಲ ಬಿಡ್ರಿ," ಎಂದು ದಾದಿ ತಾಟಿಗೆ ರೊಟ್ಟಿ ಹಾಕಿದರು.

ಆ ಪೀಪಾಯಿ ಗೆದ್ದಿತೋ ಸೋತಿತೋ ತಿಳಿಯಲು ಮುಂದಿನ ಸುಗ್ಗಿ ಬರಬೇಕಿತ್ತು. ಮಾಘಮಾಸ ಕಳೆದು ದ್ರಾಕ್ಷಿ ಕೊಯ್ಯುವಾಗ ದಾದಾ ತಾವಾಗಿಯೇ ಹೋದರು. ಸೂರ್ಯ ಬರುವ ಮೊದಲೇ ಕೊಯ್ಲು. ಹಸಿರಿನಿಂದ ಆಗತಾನೇ ಬಂಗಾರಕ್ಕೆ ತಿರುಗಿದ ಸಣ್ಣ ಗೊಂಚಲುಗಳು ಮುಟ್ಟಿದರೆ ಬಾವಿಯ ನೀರಿನಷ್ಟು ತಣ್ಣಗಿದ್ದವು. ಹಣ್ಣು ತಿನ್ನಲು, ಹಿಂಡಿದ ರಸ ಕುಡಿಯಲು ದಾದಾಗೆ ಅಡ್ಡಿ ಇರಲಿಲ್ಲ. ಮೊದಲು ಸಿಹಿ, ಸಿಹಿ ಮುಗಿಯುವ ಮೊದಲೇ ಹುಳಿ ಬಂದು ಬಾಯಿ ತೊಳೆದಂತಾಗುತ್ತಿತ್ತು ಎಂದು ಹೇಳುತ್ತಾರೆ. ಆಳಂದ ಕಡೆಯ ದ್ರಾಕ್ಷಿ ತಿಂದ ನಾಲಿಗೆಗೆ ಅದು ಹೊಸದು. ಆ ರಸ ತಮ್ಮ ಪೀಪಾಯಿಗೆ ಇಳಿಯುವುದನ್ನು ನೋಡಿ, ಕೆಳಗೆ ಕೈಯಾಡಿಸಿ, ಅಂಗೈ ಒಣಗಿರುವುದನ್ನು ಕಂಡು ಊರಿಗೆ ಬಂದರು.

ಮಳೆಗಾಲದ ನಡುವೆ ಕರೆ ಬಂತು, ದತ್ತಪ್ಪ ಕಾಕಾ ಲಾರಿಯಲ್ಲಿ ಕರೆದೊಯ್ದರು. ಅದೇ ಕಲ್ಲಿನ ಕೋಣೆ. ಈ ಸಲ ಮೇಜಿನ ಮೇಲೆ ಲೋಟಗಳು ಸಾಲಾಗಿದ್ದವು, ಎಲ್ಲವೂ ಪೀಪಾಯಿಯ ವೈನ್.

"ಮಿಸ್ತ್ರಿ, ನೀವು ಸುಲದ ಪೀಪಾಯಿದು ಇದರಾಗ ಯಾವುದು, ಹೇಳ್ರಿ ನೋಡೋಣ."

ದಾದಾ ಮೊದಲನೆಯದನ್ನು ಮೂಸಿದರು. ಬಾರಿಕಾಯಿ, ಬೆಣ್ಣೆ, ಸುಟ್ಟ ರೊಟ್ಟಿ. ಎರಡನೆಯದು. ಬೆಣ್ಣೆ, ಬಾರಿಕಾಯಿ, ರೊಟ್ಟಿ. ಮೂರನೆಯದರಲ್ಲಿ ಕೊಬ್ಬರಿ ತುಸು ಮುಂದಿತ್ತು, ಕೊನೆಯದರಲ್ಲಿ ನಿಂಬೆ. ಲೋಬಾನವನ್ನು ಅವರ ಮೂಗು ಎಷ್ಟು ಮರೆಯಲ್ಲಿದ್ದರೂ ಹಿಡಿಯುತ್ತಿತ್ತು, ಬಾಲ್ಯದಿಂದ ಅದೇ ಹೊಗೆಯಲ್ಲಿ ಬೆಳೆದವರು. ಅದು ಎಲ್ಲಿಯೂ ಇರಲಿಲ್ಲ. ಮೊದಲನೆಯದಕ್ಕೆ ತಿರುಗಿ ಹೋದರು, ಮತ್ತೆ ಕೊನೆಯದಕ್ಕೆ ಬಂದರು.

"ಗೊತ್ತಾಗವಲ್ದ್ರಿ ಸಾಹೇಬ್ರ."

"ಇನ್ನೊಮ್ಮೆ ನೋಡ್ರಿ."

"ಇಲ್ರಿ. ನನ್ನ ಪೀಪಾಯಿ ನನಗ ಗುರುತು ಸಿಗವಲ್ದು."

ನಿಂಬಾಳಕರರು ಕುರ್ಚಿಯಿಂದ ಎದ್ದರು. "ನನಗೂ ಸಿಗಲಿಲ್ಲ. ಲೋಟದ ಬುಡಕ್ಕ ಚೀಟಿ ಹಚ್ಚಿದ್ದಕ್ಕ ಗೊತ್ತಾತು." ಎರಡನೆಯ ಲೋಟವನ್ನು ಎತ್ತಿ ದಾದಾರ ಕೈಗೆ ಕೊಟ್ಟರು. "ಇದು ನಿಮ್ಮದು."

ದಾದಾ ಅದನ್ನು ಎರಡೂ ಕೈಯಲ್ಲಿ ಹಿಡಿದು ಮತ್ತೆ ಮೂಸಿದರು. ಇನ್ನೊಬ್ಬರ ತೋಟ, ಇನ್ನೊಬ್ಬರ ಥಂಡಿ, ಇನ್ನೊಬ್ಬರ ದ್ರಾಕ್ಷಿ. ಅದರಲ್ಲಿ ತಮ್ಮದು ಎಂಬುದು ಒಂದೂ ಇರಲಿಲ್ಲ. ಗಾಲಿ ಮಾಡಿದ ಅಷ್ಟು ವರ್ಷಗಳಲ್ಲಿ ಯಾವ ಗಾಲಿಯ ಬಗೆಗೂ ಅಷ್ಟು ಹೆಮ್ಮೆಯಾಗಿರಲಿಲ್ಲ ಎಂದು ನನಗೆ ಹೇಳುವಾಗ ಅವರ ದನಿ ಏರಿತು. ಸಾಮಾನ್ಯವಾಗಿ ಅವರು ದನಿ ಏರಿಸುವವರಲ್ಲ.

ಗೋಡೆಯಾಚೆ, ಹೊಸದಾಗಿ ಹಡಗಿನಲ್ಲಿ ಬಂದು ಒಣಗಿ ಬಾಯಿಬಿಟ್ಟ ಪೀಪಾಯಿಗಳು ಒಂದರ ಮೇಲೊಂದು ಮಲಗಿದ್ದವು. ನಿಂಬಾಳಕರರು ಅವುಗಳ ಕಡೆ ಕೈ ತೋರಿಸಿ ಏನೋ ಹೇಳಲು ಹೊರಟರು. ದಾದಾ ಆಗಲೇ ಲೋಟ ಕೆಳಗಿಟ್ಟು, ಅಂಗಿಯ ತೋಳು ಮಡಚಿ, ದತ್ತಪ್ಪ ಕಾಕಾನನ್ನು ಕೂಗಿದ್ದರು: "ಲೇ ದತ್ತಪ್ಪ, ಲಾರಿ ಹಿಂದಕ್ಕ ತೊಗೊಂಡು ಬಾರಲೇ. ಇವನ್ನೂ ನಮ್ಮ ಅಂಗಡಿಗೆ ಒಯ್ಯೋಣ, ಮ್ಯಾಲಿಂದ ಮೊದಲ ಇಳಸೋಣ."